ಕರೆ ತಲುಪದೆ ವಿಮಾನ ಏರದು: ಆಸ್ಟ್ರೇಲಿಯಾದ ‘ಹಾರುವ ವೈದ್ಯರ’ ಸೇವೆ ಬೆಳೆದ ಬಗೆ

1917ರ ಜುಲೈ ಕೊನೆಯಲ್ಲಿ, ಪಶ್ಚಿಮ ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿರುವ ರೂಬಿ ಪ್ಲೇನ್ಸ್ ಎಂಬ ದನಗಳ ಫಾರಂನಲ್ಲಿ, ಜಿಮ್ಮಿ ಡಾರ್ಸಿ ಎಂಬ ದನಗಾಹಿ ಕುದುರೆಯಿಂದ ಬಿದ್ದು ಹೊಟ್ಟೆಯೊಳಗೆ ತೀವ್ರವಾಗಿ ಗಾಯಗೊಂಡನು. ಜೊತೆಗಾರರು ಹನ್ನೆರಡು ಗಂಟೆ ಪ್ರಯಾಣ ಮಾಡಿ ಅವನನ್ನು ಹಾಲ್ಸ್ ಕ್ರೀಕ್ ಎಂಬ ಪುಟ್ಟ ಊರಿಗೆ ತಂದರು. ಅಲ್ಲಿ ವೈದ್ಯರೂ ಇರಲಿಲ್ಲ, ದಾದಿಯೂ ಇರಲಿಲ್ಲ. ಇದ್ದದ್ದು ಒಂದು ತಂತಿ ಕಚೇರಿ ಮತ್ತು ಹಿಂದೊಮ್ಮೆ ಪ್ರಥಮ ಚಿಕಿತ್ಸೆಯ ಪಾಠ ಕೇಳಿದ್ದ ಪೋಸ್ಟ್ ಮಾಸ್ಟರ್ ಟಕೆಟ್. ಹತ್ತಿರದ ಪಟ್ಟಣಗಳ ವೈದ್ಯರು ಸಿಗದೆ ಹೋದಾಗ ಟಕೆಟ್ ದಕ್ಷಿಣದ ತುದಿಯಲ್ಲಿದ್ದ ಪರ್ತ್ ನಗರಕ್ಕೆ ತಂತಿ ಹೊಡೆದು, ತನಗೆ ಆ ಪಾಠ ಹೇಳಿದ್ದ ಡಾಕ್ಟರ್ ಹಾಲೆಂಡ್ ಅವರನ್ನೇ ಹುಡುಕಿಸಿದರು. ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತದಲ್ಲಿ ಪ್ರಶ್ನೋತ್ತರ ನಡೆಯಿತು. ಮೂತ್ರಕೋಶ ಹರಿದಿದೆ, ಕೂಡಲೇ ಶಸ್ತ್ರಚಿಕಿತ್ಸೆ ಆಗಬೇಕು, ಅದನ್ನು ನೀವೇ ಮಾಡಬೇಕು ಎಂದು ಹಾಲೆಂಡ್ ತಿಳಿಸಿದರು. ತನ್ನ ಕೈಯಿಂದಲೇ ಅವನು ಸತ್ತರೆ ಎಂದು ಪೋಸ್ಟ್ ಮಾಸ್ಟರ್ ಅಂಜಿದರು; ಮಾಡದಿದ್ದರೆ ಹೇಗೂ ಸಾಯುತ್ತಾನೆ ಎಂಬ ಉತ್ತರ ಬಂತು. ಸಣ್ಣ ಚಾಕು, ಕ್ಷೌರದ ಕತ್ತಿ, ಕ್ರಿಮಿನಾಶಕವಾಗಿ ಪೊಟ್ಯಾಸಿಯಂ ಪರ್ಮಾಂಗನೇಟ್, ಇಷ್ಟನ್ನೇ ಇಟ್ಟುಕೊಂಡು, ತಂತಿಯಲ್ಲಿ ಬರುವ ಒಂದೊಂದು ಸೂಚನೆಯನ್ನೂ ಓದಿಕೊಳ್ಳುತ್ತ, ಅವರು ಗಂಟೆಗಟ್ಟಲೆ ಶಸ್ತ್ರಚಿಕಿತ್ಸೆ ನಡೆಸಿದರು.

ಇಷ್ಟಾದ ಮೇಲೆ ಹಾಲೆಂಡ್ ತಾವೇ ಹೊರಟರು. ದನ ಸಾಗಿಸುವ ಹಡಗಿನಲ್ಲಿ ಡರ್ಬಿ ಬಂದರಿಗೆ, ಅಲ್ಲಿಂದ ಫೋರ್ಡ್ ಕಾರಿನಲ್ಲಿ, ಕಾರು ಕೈಕೊಟ್ಟ ಮೇಲೆ ಕಾಲ್ನಡಿಗೆಯಲ್ಲಿ ಸಾಗಿ ಹಾಲ್ಸ್ ಕ್ರೀಕ್ ತಲುಪಿದಾಗ, ಡಾರ್ಸಿ ಹಿಂದಿನ ದಿನವಷ್ಟೇ ತೀರಿಕೊಂಡಿದ್ದನು. ಪೋಸ್ಟ್ ಮಾಸ್ಟರ್ ಮಾಡಿದ ಶಸ್ತ್ರಚಿಕಿತ್ಸೆ ಕೆಟ್ಟಿರಲಿಲ್ಲ. ಅವನ ಜೀವ ತೆಗೆದದ್ದು ಮಲೇರಿಯಾ ಮತ್ತು ಯಾರ ಗಮನಕ್ಕೂ ಬಾರದ ಅಪೆಂಡಿಕ್ಸಿನ ಕೀವು.

ವಿಮಾನ ಆಂಬುಲೆನ್ಸ್‌ಗಳ ಇತಿಹಾಸ ಹೇಳುವವರೆಲ್ಲ ಈ ಪ್ರಸಂಗವನ್ನು ತಪ್ಪದೆ ಹೇಳುತ್ತಾರೆ, ಮತ್ತು ಸಾಮಾನ್ಯವಾಗಿ ‘ಒಂದು ವಿಮಾನ ಇದ್ದಿದ್ದರೆ’ ಎಂಬ ಉದ್ಗಾರದೊಂದಿಗೆ ಮುಗಿಸುತ್ತಾರೆ. ಆದರೆ ಇದನ್ನು ಇನ್ನೊಂದು ಮಗ್ಗುಲಿನಿಂದಲೂ ನೋಡಬೇಕು. ಹಾಲ್ಸ್ ಕ್ರೀಕಿಗೆ ತಂತಿ ಮಾರ್ಗ ಇದ್ದದ್ದು ಡಾರ್ಸಿಯ ಅದೃಷ್ಟ. ಅದು ಇಲ್ಲದಿದ್ದರೆ ವೈದ್ಯರು ಹೊರಡುವ ಮಾತು ಹಾಗಿರಲಿ, ಅವನು ಬಿದ್ದ ಸುದ್ದಿಯೇ ಪರ್ತ್ ತಲುಪುತ್ತಿರಲಿಲ್ಲ. ದೂರದ ರೋಗಿಯೊಬ್ಬ ಬದುಕಲು ಮೂರು ಕೆಲಸಗಳು ಆಗಬೇಕು: ಸುದ್ದಿ ಹೊರಗೆ ಹೋಗಬೇಕು, ವೈದ್ಯರು ಒಳಗೆ ಬರಬೇಕು, ಇವೆರಡರ ನಡುವಿನ ಹೊತ್ತಿನಲ್ಲಿ ಯಾರಾದರೂ ರೋಗಿಯನ್ನು ಉಳಿಸಿಕೊಂಡಿರಬೇಕು. ವಿಮಾನ ಬಗೆಹರಿಸುವುದು ಎರಡನೆಯದನ್ನು ಮಾತ್ರ. ಈಗ ‘ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವೀಸ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಆಸ್ಟ್ರೇಲಿಯಾದ ಸೇವೆ ಕ್ವೀನ್ಸ್‌ಲ್ಯಾಂಡಿನ ಒಂದು ಸಣ್ಣ ಪಟ್ಟಣದಲ್ಲಿ ಪ್ರಾದೇಶಿಕ ಪ್ರಯೋಗವಾಗಿ ಹುಟ್ಟಿ, ನೂರು ವರ್ಷ ಹತ್ತಿರವಾಗುವವರೆಗೆ ಉಳಿದುಕೊಂಡದ್ದು ಈ ಮೂರನ್ನೂ ಒಟ್ಟಿಗೆ ಹಿಡಿದುಕೊಂಡದ್ದರಿಂದ ಎಂಬುದು ನನ್ನ ಎಣಿಕೆ.

ಸೇವೆಯ ಮೂಲಪುರುಷ ಜಾನ್ ಫ್ಲಿನ್ ವೈದ್ಯರಾಗಲಿ ವಿಮಾನ ಚಾಲಕರಾಗಲಿ ಆಗಿರಲಿಲ್ಲ. 1880ರಲ್ಲಿ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಹುಟ್ಟಿದ ಅವರು ಪ್ರೆಸ್ಬಿಟೇರಿಯನ್ ಚರ್ಚಿನ ಪಾದ್ರಿ. ದೇಶದ ಒಳನಾಡನ್ನು ಸುತ್ತಿ ಅವರು ಬರೆದ ವರದಿಯ ಆಧಾರದ ಮೇಲೆ 1912ರಲ್ಲಿ ‘ಆಸ್ಟ್ರೇಲಿಯನ್ ಇನ್‌ಲ್ಯಾಂಡ್ ಮಿಷನ್’ ಸ್ಥಾಪನೆಯಾಯಿತು, ಅದರ ಹೊಣೆ ಅವರ ಹೆಗಲಿಗೇ ಬಿತ್ತು. ಆ ಕಾಲದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸುಮಾರು 3 ಲಕ್ಷ ಚದರ ಕಿಲೋಮೀಟರ್, ಉತ್ತರ ಪ್ರಾಂತ್ಯದಲ್ಲಿ ಸುಮಾರು 15 ಲಕ್ಷ ಚದರ ಕಿಲೋಮೀಟರ್ ವಿಸ್ತಾರಕ್ಕೆ ಇದ್ದವರು ಇಬ್ಬರೇ ವೈದ್ಯರು. ಫ್ಲಿನ್ ಮೊದಲು ಅಲ್ಲಲ್ಲಿ ದಾದಿಯರಿರುವ ಪುಟ್ಟ ಶುಶ್ರೂಷಾ ಮನೆಗಳನ್ನು ಕಟ್ಟಿಸಿದರು. ಅವು ಉಪಯುಕ್ತವಾಗಿದ್ದವು, ಆದರೆ ಪ್ರತಿಯೊಂದರ ಸುತ್ತಲೂ ಮತ್ತೆ ನೂರಾರು ಕಿಲೋಮೀಟರ್ ಬಯಲು ಉಳಿದೇ ಇರುತ್ತಿತ್ತು.

ವಿಮಾನದ ಯೋಚನೆಗೆ ಲೆಕ್ಕಾಚಾರದ ರೂಪ ಕೊಟ್ಟವರು ಇನ್ನೊಬ್ಬರು. ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ ವಾಯುಪಡೆಗೆ ಸೇರಿದ್ದ ಕ್ಲಿಫರ್ಡ್ ಪೀಲ್ ಎಂಬ ಯುವಕ, ಅದಕ್ಕೆ ಮುಂಚೆ ವೈದ್ಯಕೀಯ ವಿದ್ಯಾರ್ಥಿಯಾಗಿದ್ದವರು, 1917ರ ನವೆಂಬರಿನಲ್ಲಿ ಫ್ಲಿನ್ ಅವರಿಗೆ ಒಂದು ಪತ್ರ ಬರೆದರು. ಒಳನಾಡಿನ ರೋಗಿಗಳಿಗೆ ವಿಮಾನದಿಂದ ಏನೇನು ಮಾಡಬಹುದು, ಅದಕ್ಕೆ ಎಷ್ಟು ಖರ್ಚು ತಗಲುತ್ತದೆ ಎಂಬುದನ್ನು ಅವರು ಅದರಲ್ಲಿ ವಿವರಿಸಿದ್ದರು. 1918ರ ಸೆಪ್ಟೆಂಬರಿನಲ್ಲಿ ಪೀಲ್ ಫ್ರಾನ್ಸಿನಲ್ಲಿ ಮಡಿದರು. ಫ್ಲಿನ್ ಆ ಪತ್ರವನ್ನು ತಮ್ಮ ಮಿಷನ್ನಿನ ಪತ್ರಿಕೆಯಲ್ಲಿ ಅಚ್ಚುಹಾಕಿ, ಮುಂದಿನ ಹತ್ತು ವರ್ಷ ಅದನ್ನೇ ಹಿಡಿದುಕೊಂಡು ಹಣಕ್ಕಾಗಿ ಅಲೆದರು.

ಹಣ ಬಂದದ್ದು ಕೊಯ್ಲಿನ ಯಂತ್ರದಿಂದ. ‘ಸನ್‌ಶೈನ್’ ಹೆಸರಿನ ಕೊಯ್ಲು ಯಂತ್ರಗಳ ತಯಾರಕ ಎಚ್. ವಿ. ಮೆಕೇ 1926ರಲ್ಲಿ ತೀರಿಕೊಂಡಾಗ, ವೈಮಾನಿಕ ವೈದ್ಯಕೀಯ ಪ್ರಯೋಗಕ್ಕೆಂದು 2,000 ಪೌಂಡ್ ಬಿಟ್ಟುಹೋಗಿದ್ದರು. ಕ್ವೀನ್ಸ್‌ಲ್ಯಾಂಡಿನ ಒಳನಾಡಿನಲ್ಲಿ 1920ರಲ್ಲಷ್ಟೇ ಹುಟ್ಟಿದ್ದ ಕ್ವಾಂಟಾಸ್ ಕಂಪನಿಯ ಹಡ್ಸನ್ ಫಿಶ್ ಜೊತೆ ಫ್ಲಿನ್ ಒಪ್ಪಂದ ಮಾಡಿಕೊಂಡರು. ವಿಮಾನ, ಚಾಲಕ, ದುರಸ್ತಿ ಎಲ್ಲವೂ ಕ್ವಾಂಟಾಸ್‌ನದು. ಮಿಷನ್ ಮೈಲಿಗೆ ಎರಡು ಶಿಲ್ಲಿಂಗ್ ಕೊಡಬೇಕು. ಒಂದು ಪೌಂಡಿಗೆ ಇಪ್ಪತ್ತು ಶಿಲ್ಲಿಂಗ್‌ನಂತೆ ಲೆಕ್ಕ ಹಾಕಿದರೆ, ಮೆಕೇ ಬಿಟ್ಟ ಹಣ ಸರಿಯಾಗಿ 20,000 ಮೈಲಿ ಹಾರಾಟಕ್ಕೆ ಸಾಕು. ಸೇವೆ ತನ್ನ ಮೊದಲ ವರ್ಷದಲ್ಲಿ ಹಾರಿದ್ದೂ ಸುಮಾರು ಅಷ್ಟೇ ಮೈಲಿ. ಇದು ಕಾಕತಾಳೀಯ ಇರಬಹುದು, ಆದರೆ ಆ ಪ್ರಯೋಗದ ಬುಡದಲ್ಲಿ ಎಷ್ಟು ತೆಳ್ಳನೆಯ ಬಂಡವಾಳವಿತ್ತು ಎಂಬುದು ಇದರಿಂದ ಗೊತ್ತಾಗುತ್ತದೆ.

ಕ್ವೀನ್ಸ್‌ಲ್ಯಾಂಡಿನ ಕ್ಲಾನ್‌ಕರಿ ಪಟ್ಟಣದಿಂದ ಮೊದಲ ಹಾರಾಟ ನಡೆದದ್ದು 1928ರ ಮೇ 17ರಂದು. ವೈದ್ಯರು ಕೆನ್ಯನ್ ಸೇಂಟ್ ವಿನ್ಸೆಂಟ್ ವೆಲ್ಷ್, ಚಾಲಕರು ಆರ್ಥರ್ ಅಫ್ಲೆಕ್, ಹೋದದ್ದು ಸುಮಾರು 85 ಮೈಲಿ ದೂರದ ಜೂಲಿಯಾ ಕ್ರೀಕಿಗೆ. ‘ವಿಕ್ಟರಿ’ ಎಂದು ಹೆಸರಿಟ್ಟ ಆ ಡಿಹ್ಯಾವಿಲೆಂಡ್ ಡಿಎಚ್-50 ವಿಮಾನದಲ್ಲಿ ಒಂದೇ ಇಂಜಿನ್ ಇತ್ತು; ಮುಚ್ಚಿದ ಕೋಣೆಯಲ್ಲಿ ವೈದ್ಯರೂ ರೋಗಿಯೂ, ಅದರ ಹಿಂದೆ ತೆರೆದ ಗೂಡಿನಲ್ಲಿ ಗಾಳಿಗೆ ಮುಖವೊಡ್ಡಿ ಚಾಲಕರೂ ಕೂರುತ್ತಿದ್ದರು. ವೇಗ ಗಂಟೆಗೆ ಸುಮಾರು 80 ಮೈಲಿ. ವಿಮಾನದಲ್ಲಿ ರೇಡಿಯೋ ಇರಲಿಲ್ಲ. ದಾರಿ ತಿಳಿಯಲು ದಿಕ್ಸೂಚಿಯೊಂದು. ಉಳಿದಂತೆ ಕೆಳಗೆ ಕಾಣುವ ಒಣಗಿದ ಹೊಳೆಯ ಪಾತ್ರ, ಬೇಲಿ, ತಂತಿ ಕಂಬಗಳ ಸಾಲು, ಇವುಗಳನ್ನು ನೋಡಿಕೊಂಡು ಹೋಗಬೇಕಿತ್ತು. ಮೊದಲ ವರ್ಷದಲ್ಲಿ 50 ಹಾರಾಟಗಳಾದವು, 225 ರೋಗಿಗಳಿಗೆ ಚಿಕಿತ್ಸೆ ಸಿಕ್ಕಿತು.

ಸೇವೆಯೇನೋ ಶುರುವಾಯಿತು, ಆದರೆ ಕರೆಯುವುದು ಹೇಗೆ? ತಂತಿ ಕಚೇರಿಯೋ ಟೆಲಿಫೋನೋ ಹತ್ತಿರವಿದ್ದ ಊರುಗಳು ಮಾತ್ರ ಕ್ಲಾನ್‌ಕರಿಯನ್ನು ಕರೆಯಬಲ್ಲವಾಗಿದ್ದವು. ವೈದ್ಯರ ಅಗತ್ಯ ಹೆಚ್ಚು ಇದ್ದದ್ದು ಇವೆರಡೂ ಇಲ್ಲದ ಒಂಟಿ ಫಾರಂಗಳಿಗೆ. ಅಲ್ಲಿಂದ ಒಬ್ಬ ಸವಾರ ಒಂದೆರಡು ದಿನ ಕುದುರೆ ಓಡಿಸಿ ತಂತಿ ಕಚೇರಿ ಮುಟ್ಟಬೇಕಾದರೆ, ವಿಮಾನ ಎರಡೇ ಗಂಟೆಯಲ್ಲಿ ಬಂದರೂ ಪ್ರಯೋಜನ ಅಷ್ಟಕ್ಕಷ್ಟೆ. ಫ್ಲಿನ್ ಇದನ್ನು ಮೊದಲೇ ಕಂಡುಕೊಂಡಿದ್ದರು. ರೇಡಿಯೋ ಸಿದ್ಧವಾಗದೆ ವಿಮಾನ ಸೇವೆ ನಿಲ್ಲಲಾರದು ಎಂಬುದು ಅವರ ನಿಲುವಾಗಿತ್ತು. ವಿಮಾನಕ್ಕೆ ಎರಡು ವರ್ಷ ಮುಂಚೆಯೇ, 1926ರಲ್ಲಿ, ಅವರು ಅಡಿಲೇಡಿನ ಎಂಜಿನಿಯರ್ ಆಲ್ಫ್ರೆಡ್ ಟ್ರೇಗರ್ ಅವರನ್ನು ಕರೆದುಕೊಂಡು ದೇಶದ ನಡುಭಾಗದ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದ ಸುತ್ತಮುತ್ತ ರೇಡಿಯೋ ಪ್ರಯೋಗ ನಡೆಸಿದ್ದರು.

ಟ್ರೇಗರ್ ಎದುರಿಸಿದ ತೊಡಕು ರೇಡಿಯೋ ತರಂಗಗಳದ್ದಲ್ಲ, ವಿದ್ಯುತ್ತಿನದು. ಕೇಳುವುದಕ್ಕೆ ಅಷ್ಟೇನೂ ವಿದ್ಯುತ್ ಬೇಡ, ಆದರೆ ನೂರಾರು ಮೈಲಿ ದೂರಕ್ಕೆ ಸಂದೇಶ ಕಳಿಸಲು ಹೆಚ್ಚಿನ ವೋಲ್ಟೇಜ್ ಬೇಕು. ಆಗಿನ ಬ್ಯಾಟರಿಗಳು ಎತ್ತಲಾರದಷ್ಟು ಭಾರ, ದುಬಾರಿ, ಮರುಭೂಮಿಯ ಹಾದಿಯಲ್ಲಿ ಸಾಗಿಸುವುದೇ ಕಷ್ಟ. ಕೈಯಿಂದ ತಿರುಗಿಸುವ ಜನರೇಟರ್ ಮಾಡಿದರೆ ಅದಕ್ಕೆ ಇನ್ನೊಬ್ಬರು ಬೇಕು, ಏಕೆಂದರೆ ಸಂದೇಶ ಕಳಿಸುವವರ ಕೈ ಮೋರ್ಸ್ ಕೀಲಿಯ ಮೇಲಿರಬೇಕು. ಗಂಡ ದನ ಕಾಯಲು ಹೋಗಿದ್ದಾಗ ಜ್ವರದಿಂದ ನರಳುವ ಮಗುವಿನೊಂದಿಗೆ ಮನೆಯಲ್ಲಿ ಒಬ್ಬಳೇ ಇರುವ ಹೆಂಗಸು ಆ ಇನ್ನೊಬ್ಬರನ್ನು ಎಲ್ಲಿಂದ ತರಬೇಕು? ಕೈಗಳು ಬಿಡುವಾಗಬೇಕಾದರೆ ಕಾಲು ದುಡಿಯಬೇಕು. ಟ್ರೇಗರ್ ಸೈಕಲ್ ಪೆಡಲುಗಳನ್ನು ಜನರೇಟರಿಗೆ ಜೋಡಿಸಿದರು. ಚಕ್ರ ಮತ್ತು ಗಿಯರುಗಳನ್ನು ಲೋಹದ ಪೆಟ್ಟಿಗೆಯೊಳಗೆ ಮುಚ್ಚಿ, ಪೆಡಲುಗಳನ್ನು ಮಾತ್ರ ಹೊರಗೆ ಬಿಟ್ಟು, ಇಡೀ ಯಂತ್ರವನ್ನು ಮೇಜಿನ ಕೆಳಗೆ ನೆಲಕ್ಕೆ ಸ್ಕ್ರೂ ಹಾಕಿ ಕೂರಿಸುವಂತೆ ರೂಪಿಸಿದರು. ಕುರ್ಚಿಯಲ್ಲಿ ಕೂತು ಸಾವಕಾಶವಾಗಿ ತುಳಿದರೆ ಸುಮಾರು 300 ವೋಲ್ಟಿನಲ್ಲಿ 20 ವ್ಯಾಟ್ ಹುಟ್ಟುತ್ತಿತ್ತು. ಒಂದು ಮಂಕು ಬಲ್ಬಿಗೆ ಸಾಕಾಗುವಷ್ಟು ಶಕ್ತಿ ಅದು. ಕ್ಲಾನ್‌ಕರಿಯನ್ನು ಎಚ್ಚರಿಸಲು ಅಷ್ಟೇ ಸಾಕಾಯಿತು.

1929ರಲ್ಲಿ ಕ್ಲಾನ್‌ಕರಿಯ ರೇಡಿಯೋ ಕೇಂದ್ರ ಕೆಲಸ ಆರಂಭಿಸಿತು, ಅಗಸ್ಟಸ್ ಡೌನ್ಸ್ ಎಂಬ ಫಾರಂ ಮೊದಲು ಪೆಡಲ್ ರೇಡಿಯೋ ಪಡೆದ ಮನೆಗಳಲ್ಲಿ ಒಂದಾಯಿತು. ಮೋರ್ಸ್ ಕಲಿಯುವುದು ಜನರಿಗೆ ತಲೆನೋವಾಗಿತ್ತು. ಟ್ರೇಗರ್ ಅದಕ್ಕೂ ಒಂದು ಉಪಾಯ ಮಾಡಿ, ಟೈಪ್‌ರೈಟರಿನಂತಹ ಕೀಲಿಮಣೆ ತಯಾರಿಸಿದರು: ಅಕ್ಷರದ ಗುಂಡಿ ಒತ್ತಿದರೆ ಅದರ ಚುಕ್ಕೆ-ಗೆರೆಗಳನ್ನು ಯಂತ್ರವೇ ಕಳಿಸುತ್ತಿತ್ತು. 1930ರ ದಶಕ ನಡೆದಂತೆ ನೇರವಾಗಿ ಮಾತನಾಡುವ ಸೌಲಭ್ಯವೂ ಬಂತು. ವಿಮಾನಗಳ ಚಿತ್ರಗಳಷ್ಟು ಈ ಪೆಡಲು ಪೆಟ್ಟಿಗೆಯ ಚಿತ್ರ ಜನಪ್ರಿಯವಲ್ಲ, ಆದರೂ ಆಸ್ಟ್ರೇಲಿಯಾ ತನ್ನ 20 ಡಾಲರ್ ನೋಟಿನಲ್ಲಿ ಫ್ಲಿನ್ ಅವರ ಮುಖದ ಪಕ್ಕದಲ್ಲಿ ವಿಮಾನದ ಜೊತೆ ಈ ರೇಡಿಯೋವನ್ನೂ ಅಚ್ಚುಹಾಕಿದೆ.

ಸಂಸ್ಥೆಯ ಹೆಸರು ಮತ್ತು ಆಡಳಿತದ ಬದಲಾವಣೆಗಳನ್ನು ಚುಟುಕಾಗಿ ಹೇಳಿಬಿಡಬಹುದು. ಒಂದು ಚರ್ಚಿನ ಕೈಯಿಂದ ಆಗುವ ಕೆಲಸವಲ್ಲ ಇದು ಎಂದು ಮನಗಂಡು 1930ರ ದಶಕದ ನಡುವಿನಲ್ಲಿ ಸೇವೆಯನ್ನು ರಾಷ್ಟ್ರೀಯ ಸಂಸ್ಥೆಯೊಂದಕ್ಕೆ ವಹಿಸಲಾಯಿತು; ಪ್ರಾಂತ್ಯವಾರು ವಿಭಾಗಗಳು ಹುಟ್ಟಿ ವಿಂಡಮ್, ಬ್ರೋಕನ್ ಹಿಲ್, ಆಲಿಸ್ ಸ್ಪ್ರಿಂಗ್ಸ್ ಮೊದಲಾದ ಕಡೆ ನೆಲೆಗಳು ತೆರೆದವು. 1942ರಲ್ಲಿ ‘ಫ್ಲೈಯಿಂಗ್ ಡಾಕ್ಟರ್ ಸರ್ವೀಸ್’ ಎಂಬ ಹೆಸರು ಬಂತು, 1955ರಲ್ಲಿ ‘ರಾಯಲ್’ ಸೇರಿತು. ವಿಮಾನಗಳನ್ನು ಗುತ್ತಿಗೆಗೆ ಪಡೆಯುವ ಪದ್ಧತಿ ಬಹುಕಾಲ ನಡೆದು, 1960ರ ದಶಕದಿಂದೀಚೆಗೆ ಸ್ವಂತ ವಿಮಾನಗಳು, ಸ್ವಂತ ಚಾಲಕರು ಬಂದರು. ಈ ಸಂಸ್ಥೆಯ ಹೊರಗೆ, ಉತ್ತರ ಪ್ರಾಂತ್ಯದ ಕ್ಯಾಥರೀನ್ ಊರಿನಲ್ಲಿ, ಕ್ಲೈಡ್ ಫೆಂಟನ್ ಎಂಬ ಸರ್ಕಾರಿ ವೈದ್ಯರು 1934ರಿಂದ ತಾವೇ ವಿಮಾನ ನಡೆಸಿಕೊಂಡು ರೋಗಿಗಳ ಬಳಿ ಹೋಗುತ್ತಿದ್ದರು. ವೈದ್ಯರೂ ಚಾಲಕರೂ ಒಬ್ಬರೇ ಆದರೆ ವಾಪಸು ಬರುವಾಗ ರೋಗಿಯನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಇಬ್ಬರು ಬೇರೆ ಬೇರೆ ಇರಬೇಕೆಂಬ ಕ್ಲಾನ್‌ಕರಿಯ ಕ್ರಮವೇ ಕೊನೆಗೆ ನಿಂತಿತು.

ಮೂರನೆಯ ಕೆಲಸಕ್ಕೆ, ಅಂದರೆ ವೈದ್ಯರು ಬರುವವರೆಗೆ ರೋಗಿಯನ್ನು ಉಳಿಸಿಕೊಳ್ಳುವುದಕ್ಕೆ, ಸಿಕ್ಕ ಪರಿಹಾರ ಒಂದು ಔಷಧಿ ಪೆಟ್ಟಿಗೆ. ಫಾರಂಗಳಲ್ಲಿ ಔಷಧಿಗಳು ಇರುತ್ತಿದ್ದವು, ಆದರೆ ಒಂದೊಂದು ಮನೆಯಲ್ಲಿ ಒಂದೊಂದು ಬಗೆ. ಕರಕರ ಎನ್ನುವ ರೇಡಿಯೋದಲ್ಲಿ ಔಷಧಿಯ ಉದ್ದನೆಯ ಲ್ಯಾಟಿನ್ ಹೆಸರನ್ನು ಹೇಳಿದರೆ ಅತ್ತ ಕಡೆ ಏನು ಕೇಳಿಸಿತೋ ಯಾರಿಗೆ ಗೊತ್ತು. 1942ರಲ್ಲಿ ಲೂಸಿ ಗಾರ್ಲಿಕ್ ಎಂಬ ದಾದಿ ಎಲ್ಲ ಪೆಟ್ಟಿಗೆಗಳೂ ಒಂದೇ ರೀತಿ ಇರುವಂತೆ, ಪ್ರತಿ ಔಷಧಿಗೂ ಒಂದು ಸಂಖ್ಯೆ ಇರುವಂತೆ ವ್ಯವಸ್ಥೆ ಮಾಡಿದರು. ಇದರ ಜೊತೆಗೆ ಮನುಷ್ಯದೇಹದ ನಕ್ಷೆಯೊಂದು ಬಂತು. ಹೊಟ್ಟೆನೋವು ಎಂದರೆ ವೈದ್ಯರಿಗೆ ಏನೂ ತಿಳಿಯದು. ಹೊಟ್ಟೆಯ ಎಡಭಾಗವೇ ಬಲಭಾಗವೇ, ಮೇಲೆಯೇ ಕೆಳಗೆಯೇ ಎಂಬುದು ಬೇಕು. ನಕ್ಷೆಯಲ್ಲಿ ದೇಹವನ್ನು ಸಂಖ್ಯೆಗಳ ಭಾಗಗಳಾಗಿ ಹಂಚಿದ್ದರಿಂದ, ನೋವು ಇಂಥ ಸಂಖ್ಯೆಯಲ್ಲಿದೆ ಎಂದು ರೋಗಿಯ ಕಡೆಯವರು ಹೇಳುತ್ತಿದ್ದರು, ಇಂಥ ಸಂಖ್ಯೆಯ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಕೊಡಿ ಎಂದು ವೈದ್ಯರು ಹೇಳುತ್ತಿದ್ದರು. ಒಂಬತ್ತನೆಯ ನಂಬರಿನ ಮಾತ್ರೆ ಮುಗಿದುಹೋಗಿದ್ದರಿಂದ ನಾಲ್ಕರದೊಂದು ಐದರದೊಂದು ಸೇರಿಸಿ ಕೊಟ್ಟ ಮಹಾಶಯರೊಬ್ಬರ ಕಥೆ ಒಳನಾಡಿನಲ್ಲಿ ಇಂದಿಗೂ ಓಡಾಡುತ್ತಿದೆ. ನಡೆದದ್ದೋ ಕಟ್ಟಿದ್ದೋ, ಆ ವ್ಯವಸ್ಥೆ ಜನರ ಮಾತಿನಲ್ಲಿ ಎಷ್ಟು ಬೆರೆತಿತ್ತು ಎಂಬುದಕ್ಕೆ ಅದೊಂದು ಗುರುತು.

ರೇಡಿಯೋ ಒಮ್ಮೆ ಮನೆಮನೆಗೆ ಬಂದ ಮೇಲೆ ಅದು ರೋಗಕ್ಕಷ್ಟೇ ಸೀಮಿತವಾಗಿ ಉಳಿಯಲಿಲ್ಲ. ತುರ್ತು ಕರೆಗಳಿಲ್ಲದ ನಿಗದಿತ ಹೊತ್ತಿನಲ್ಲಿ ನೂರಾರು ಮೈಲಿ ದೂರದ ಹೆಂಗಸರು ಪರಸ್ಪರ ಕುಶಲ ಮಾತಾಡಿಕೊಳ್ಳತೊಡಗಿದರು; ಗದ್ದಲದ ಗಿಳಿಜಾತಿಯೊಂದರ ಹೆಸರಿನಿಂದ ಅದನ್ನು ‘ಗಲಾ ಸೆಷನ್’ ಎಂದು ಕರೆದರು. ಶಿಕ್ಷಣತಜ್ಞೆ ಅಡಿಲೇಡ್ ಮೀಟ್ಕೆ ಇದೇ ಜಾಲದಲ್ಲಿ ಮಕ್ಕಳಿಗೆ ಪಾಠವನ್ನೂ ಹೇಳಬಹುದೆಂದು ಸೂಚಿಸಿದರು, 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ‘ಸ್ಕೂಲ್ ಆಫ್ ದಿ ಏರ್’ ಆರಂಭವಾಯಿತು.

ಇನ್ನು ವಿಮಾನದ ಒಳಗಿನ ಸಂಗತಿ. ರೋಗಿಯನ್ನು ಮೇಲಕ್ಕೆ ಒಯ್ಯುವುದೆಂದರೆ ಆಂಬುಲೆನ್ಸಿಗೆ ರೆಕ್ಕೆ ಹಚ್ಚಿದಷ್ಟು ಸರಳವಲ್ಲ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಒತ್ತಡ ಇಳಿದಂತೆ ಎಲ್ಲಾದರೂ ಸಿಕ್ಕಿಕೊಂಡಿರುವ ಗಾಳಿ ಹಿಗ್ಗುತ್ತದೆ. ಸಮುದ್ರಮಟ್ಟದಿಂದ 8,000 ಅಡಿ ಏರಿದರೆ ಅದು ಮೂರನೇ ಒಂದು ಭಾಗದಷ್ಟು ಹೆಚ್ಚು ಜಾಗ ಬೇಡುತ್ತದೆ. ಆರೋಗ್ಯವಂತನಿಗೆ ಇದರಿಂದ ಕಿವಿ ಕಟ್ಟಿದಂತಾಗುತ್ತದೆ ಅಷ್ಟೆ. ಆದರೆ ಪಕ್ಕೆಲುಬು ಮುರಿದು ಎದೆಗೂಡಿನಲ್ಲಿ ಗಾಳಿ ಸೇರಿಕೊಂಡವನ ಶ್ವಾಸಕೋಶವನ್ನು ಆ ಗಾಳಿ ಹಿಗ್ಗಿ ಒತ್ತುತ್ತದೆ. ಕರುಳು ಕಟ್ಟಿಕೊಂಡವನ ಹೊಟ್ಟೆ ಇನ್ನಷ್ಟು ಉಬ್ಬುತ್ತದೆ. ರೋಗಿಯ ಗಂಟಲಿನೊಳಗೆ ಹಾಕಿದ ಉಸಿರಿನ ಕೊಳವೆಯನ್ನು ಹಿಡಿದು ನಿಲ್ಲಿಸುವ ಗಾಳಿಯ ಪುಟ್ಟ ಬಲೂನು ಕೂಡ ಉಬ್ಬಿ ಶ್ವಾಸನಾಳವನ್ನು ಒತ್ತುತ್ತದೆ. ಜೊತೆಗೆ ಆಮ್ಲಜನಕದ ಒತ್ತಡವೂ ಕಡಿಮೆ. ಡ್ರ್ಯಾಗನ್, ಡ್ರೋವರ್ ಮುಂತಾದ ಹಳೆಯ ವಿಮಾನಗಳಲ್ಲಿ ಇದಕ್ಕಿದ್ದ ಉಪಾಯ ತಗ್ಗಿನಲ್ಲಿ ಹಾರುವುದು. ತಗ್ಗಿನಲ್ಲಿ ಹಾರಿದರೆ ಮರುಭೂಮಿಯ ಬಿಸಿಗಾಳಿಯ ಕುಲುಕಾಟ. ಆಮೇಲೆ ಬಂದ ಬೀಚ್‌ಕ್ರಾಫ್ಟ್ ಕಿಂಗ್ ಏರ್, ಪಿಲಾಟಸ್ ಪಿಸಿ-12 ಮುಂತಾದವುಗಳ ಒಳಗೆ ಒತ್ತಡವನ್ನು ಕಾಯ್ದುಕೊಳ್ಳಬಹುದು. ಅಂಥ ರೋಗಿ ಇದ್ದಾಗ ವೈದ್ಯರು ಒಳಗಿನ ಒತ್ತಡ ಸಮುದ್ರಮಟ್ಟದಷ್ಟೇ ಇರಲಿ ಎಂದು ಕೇಳುತ್ತಾರೆ, ಚಾಲಕರು ಅದಕ್ಕೆ ತಕ್ಕಂತೆ ಹಾರುವ ಎತ್ತರ ಇಳಿಸುತ್ತಾರೆ, ಎತ್ತರ ಇಳಿದರೆ ಇಂಧನ ಹೆಚ್ಚು ಉರಿಯುತ್ತದೆ. ಹೀಗೆ ಒಂದು ಮುರಿದ ಪಕ್ಕೆಲುಬು ಇಂಧನದ ಲೆಕ್ಕವನ್ನೇ ಬದಲಿಸಬಲ್ಲದು.

ಈ ಚರಿತ್ರೆಯಲ್ಲಿ ಹೊಗಳಿಕೆಗೆ ನಿಲುಕದ ಭಾಗವೂ ಇದೆ. ಫ್ಲಿನ್ ಅವರ ಮಿಷನ್ ಮುಖ್ಯವಾಗಿ ಬಿಳಿಯ ವಲಸಿಗರಿಗಾಗಿ ಕಟ್ಟಿದ್ದು. ಆ ನೆಲದ ಮೂಲನಿವಾಸಿಗಳನ್ನು ಅದು ಬದಿಗೊತ್ತಿತು ಎಂದು ಅವರ ಸಮಕಾಲೀನರಾದ ಡಾಕ್ಟರ್ ಚಾರ್ಲ್ಸ್ ಡುಗುಯಿಡ್ ಬಹಿರಂಗವಾಗಿಯೇ ಆಕ್ಷೇಪಿಸಿದ್ದರು. ಇಂದು ಸೇವೆಯ ರೋಗಿಗಳಲ್ಲಿ ಮೂಲನಿವಾಸಿಗಳು ಗಣನೀಯ ಸಂಖ್ಯೆಯಲ್ಲಿದ್ದಾರೆ, ಆದರೆ ಹಳೆಯ ಆ ಮಾತನ್ನು ಮರೆತುಬಿಡಲು ಒಂದು ಕಲ್ಲು ಬಿಡಲಿಲ್ಲ. 1951ರಲ್ಲಿ ಫ್ಲಿನ್ ತೀರಿಕೊಂಡ ಮೇಲೆ, ಆಲಿಸ್ ಸ್ಪ್ರಿಂಗ್ಸ್ ಬಳಿಯ ಅವರ ಸಮಾಧಿಗೆಂದು ‘ಡೆವಿಲ್ಸ್ ಮಾರ್ಬಲ್ಸ್’ ಎಂಬ ಬಂಡೆಗಳ ಗುಂಪಿನಿಂದ ಒಂದು ದೊಡ್ಡ ಗುಂಡನ್ನು ತಂದಿಟ್ಟರು. ಮೂಲನಿವಾಸಿಗಳಿಗೆ ಅದು ಕಾರ್ಲು ಕಾರ್ಲು, ಪವಿತ್ರ ಸ್ಥಳ. ಅವರನ್ನು ಯಾರೂ ಕೇಳಿರಲಿಲ್ಲ. ವರ್ಷಗಳ ಮಾತುಕತೆಯ ನಂತರ 1999ರಲ್ಲಿ ಆ ಗುಂಡು ತನ್ನ ಜಾಗಕ್ಕೆ ಮರಳಿತು, ಅದರ ಬದಲಿಗೆ ಆಲಿಸ್ ಸ್ಪ್ರಿಂಗ್ಸ್ ಸೀಮೆಯ ಮೂಲನಿವಾಸಿಗಳಾದ ಅರೆಂಟೆ ಜನರು ತಮ್ಮ ನೆಲದಿಂದ ಇನ್ನೊಂದು ಕಲ್ಲನ್ನು ಸಮಾಧಿಗೆ ಕೊಟ್ಟರು.

ಈಗ ಪೆಡಲ್ ರೇಡಿಯೋಗಳು ವಸ್ತುಸಂಗ್ರಹಾಲಯಗಳಲ್ಲಿವೆ. ಕರೆ ಬರುವುದು ಫೋನಿನಲ್ಲೋ ಉಪಗ್ರಹದ ಮೂಲಕವೋ. ಮಣ್ಣಿನ ಇಳಿದಾಣದಲ್ಲೂ ಇಳಿಯಬಲ್ಲ ಪಿಲಾಟಸ್ ಪಿಸಿ-24 ಜೆಟ್ ವಿಮಾನಗಳು ಸೇರಿಕೊಂಡಿವೆ. ನಲ್ಲರ್ಬೋರ್ ಬಯಲಿನ ಹೆದ್ದಾರಿಯಲ್ಲಿ ಕೆಲವು ನೇರವಾದ ತುಂಡುಗಳಿಗೆ ಓಡುದಾರಿಯ ಪಟ್ಟೆ ಬಳಿದಿದ್ದಾರೆ, ಅಗತ್ಯ ಬಿದ್ದಾಗ ವಾಹನಗಳನ್ನು ತಡೆದು ವಿಮಾನ ಅಲ್ಲೇ ಇಳಿಯುತ್ತದೆ. ಸಂಖ್ಯೆ ಹಾಕಿದ ಔಷಧಿ ಪೆಟ್ಟಿಗೆ ಮಾತ್ರ ಹಾಗೆಯೇ ಇದೆ. ಇಳಿಯುವ ಮುಂಚಿನ ಕೆಲಸವೂ ಬದಲಾಗಿಲ್ಲ. ಫಾರಂನವರು ಜೀಪಿನಲ್ಲಿ ತಮ್ಮ ಇಳಿದಾಣದ ಉದ್ದಕ್ಕೂ ಹೋಗಿ ಬಂದು, ದನಗಳನ್ನೂ ಕಾಂಗರೂಗಳನ್ನೂ ಆಚೆ ಅಟ್ಟಿ, ಮಣ್ಣು ಗಟ್ಟಿಯಾಗಿದೆಯೇ ಎಂದು ನೋಡಬೇಕು. ರಾತ್ರಿಯಾಗಿದ್ದು ಬ್ಯಾಟರಿ ದೀಪಗಳು ಇಲ್ಲದಿದ್ದರೆ, ಹಳೆಯ ಡಬ್ಬಗಳಲ್ಲಿ ಟಾಯ್ಲೆಟ್ ಪೇಪರಿನ ಸುರುಳಿಗಳನ್ನಿಟ್ಟು, ಡೀಸೆಲ್ ಸುರಿದು, ಎರಡೂ ಬದಿಗೆ ಸಾಲಾಗಿ ಜೋಡಿಸಿ, ಇಂಜಿನ್ನಿನ ಸದ್ದು ಕೇಳಿಸುವ ಹೊತ್ತಿಗೆ ಒಂದೊಂದಾಗಿ ಹಚ್ಚುತ್ತಾರೆ.